ರೊಕ್ಕ ಇಡ್ರಿ

ಉಂಡವನು ತಟ್ಟೆಗೆ ನೀರು ಹಾಕಿ, ಬೆರಳಿನಿಂದ ಅಂಚನ್ನೆಲ್ಲ ತೊಳೆದು, ಆ ನೀರನ್ನು ಒಂದು ಹನಿಯೂ ಬಿಡದೆ ಕುಡಿದ. ಹೆಗಲ ಮೇಲಿನ ವಸ್ತ್ರದಿಂದ ಮೀಸೆ ಒರೆಸಿಕೊಂಡ. ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಒಲೆಯ ಮುಂದೆ ಕೂತಿದ್ದ ಹಾವಗೆಪ್ಪನಿಗೆ ಎರಡೂ ಕೈ ಮುಗಿದ.

"ಶರಣ್ರಿ. ಹೊಟ್ಟಿ ತಣ್ಣಗಾತು. ನಿಮ್ಮ ಒಲಿ ಹಿಂಗೇ ಉರೀಲಿ."

"ಶರಣ್ರಿ," ಎಂದು ಹಾವಗೆಪ್ಪನೂ ಹಿಟ್ಟು ಮೆತ್ತಿದ ಕೈ ಮುಗಿದ. ಮುಂದೆ ಇನ್ನೊಂದು ಮಾತು ಆಡಬೇಕಿತ್ತು. ಅದು ಗಂಟಲಿನವರೆಗೆ ಬಂದು ಅಲ್ಲಿಯೇ ಕೂತಿತು. ಆ ಮನುಷ್ಯ, ಔರಾದದ ಮಡೆಪ್ಪ, ಜೋಡು ಮೆಟ್ಟಿಕೊಂಡು ಕಚೇರಿಯ ದಿಕ್ಕಿಗೆ ನಡೆದೇಬಿಟ್ಟ.

ಎದುರಿನ ಕಲಾಯಿ ಅಂಗಡಿಯ ನಿಜಾಮೋದ್ದೀನ ತಿದಿ ಒತ್ತುವುದನ್ನು ನಿಲ್ಲಿಸಿ ಇದನ್ನೆಲ್ಲ ನೋಡುತ್ತಿದ್ದ. ಬೀದರದ ಅರ್ಧ ಊರಿನ ಹಿತ್ತಾಳೆ ಪಾತ್ರೆಗಳಿಗೆ ತವರ ಹಚ್ಚಿ ಬೆಳ್ಳಗೆ ಮಾಡುವುದು ಅವನ ಕೆಲಸ. ಉಳಿದ ಹೊತ್ತಿನಲ್ಲಿ ಮಂದಿಯನ್ನು ಚುಚ್ಚುವುದೂ ಅವನದೇ ಕೆಲಸ.

"ಯಾಕೋ ಹಾವಗೆಪ್ಪ, ದುಕಾನ ತೆಗದೀಯೋ, ಪುಕ್ಕಟಿ ಉಣಸೋ ಲಂಗರ ತೆಗದೀಯೋ? ದರ್ಗಾದಾಗೂ ಇಷ್ಟು ಪ್ರೀತಿಲೆ ಯಾರೂ ಉಣಸಂಗಿಲ್ಲಪಾ."

"ಅವ ತಾನಾಗೇ ಕೊಡ್ತಾನಂತ ತಿಳಿದಿದ್ದೆ."

"ಕೊಟ್ಟಾನಲ್ಲ, ಆಶೀರ್ವಾದ! ಅದನ್ನ ಬೀಸಿ ನಾಳಿ ರೊಟ್ಟಿ ಮಾಡು."

ಹಾವಗೆಪ್ಪನಿಗೆ ಸಿಟ್ಟು ಬಂತು. ನಿಜಾಮೋದ್ದೀನನ ಮೇಲೆ ಅಲ್ಲ, ತನ್ನ ಗಂಟಲಿನ ಮೇಲೆ. ಅಂಗಡಿ ತೆಗೆದು ತಿಂಗಳಾಗುತ್ತ ಬಂದಿತ್ತು. ಈ ತಿಂಗಳಿನಲ್ಲಿ ತಪ್ಪದೆ ಕಾಸು ಕೊಟ್ಟ ಗಿರಾಕಿಯೆಂದರೆ ಇದೇ ನಿಜಾಮೋದ್ದೀನ ಒಬ್ಬ. ಅವನು ರೊಟ್ಟಿ ಮಾತ್ರ ಒಯ್ದು, ಮನೆಯಿಂದ ಬಂದ ಸಾಲನದ ಸಾರಿನ ಜೊತೆ ತನ್ನ ಅಂಗಡಿಯಲ್ಲೇ ಕೂತು ತಿನ್ನುತ್ತಿದ್ದ. ಉಳಿದವರೆಲ್ಲ ಉಂಡರು, ಕೈ ಮುಗಿದರು, ಹೋದರು.

ಅವರದೂ ತಪ್ಪಿರಲಿಲ್ಲ ಅನ್ನಿ. ಆ ಕಾಲಕ್ಕೆ ಬೀದರದಲ್ಲಿ ಚಹಾದ ಅಂಗಡಿಗಳಿದ್ದವು, ಖೀಮಾ ಸಿಗುವ ಭಟ್ಟಿಗಳಿದ್ದವು. ಲಿಂಗ ಕಟ್ಟಿದವನು ಕಾಸು ಕೊಟ್ಟು ಕೂತು ಉಣ್ಣುವ ಜಾಗ ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಹಣೆಗೆ ವಿಭೂತಿ ಧರಿಸಿದ ಒಬ್ಬ ಮನುಷ್ಯ ಬಾಗಿಲು ತೆರೆದಿಟ್ಟುಕೊಂಡು, "ಬರ್ರಿ, ಉಣ್ರಿ" ಅಂತ ಕರೆದು, ಸಾಕೆಂದರೂ "ಇನ್ನೊಂದು ಹಾಕ್ಕೋರಿ" ಅಂತ ಒತ್ತಾಯ ಮಾಡಿ ಬಡಿಸುತ್ತಿದ್ದರೆ, ಅದು ದಾಸೋಹ ಅಲ್ಲದೆ ಮತ್ತೇನು ಅಂತ ತಿಳಿಯಬೇಕು? ಪುಣ್ಯ ಮಾಡುವವನಿಗೆ ಕಾಸು ಕೊಡಹೋದರೆ ಅವನಿಗೆ ಅವಮಾನ. ಹಾಗಾಗಿ ಮರ್ಯಾದಸ್ಥರು ಮರ್ಯಾದೆಯಿಂದಲೇ ಎದ್ದು ಹೋಗುತ್ತಿದ್ದರು.

ಬಡಿಸುವ ಆ ಕೈ ಹಾವಗೆಪ್ಪನಿಗೆ ಬಂದದ್ದು ಭಾತಂಬ್ರಾದ ಮನೆಯಿಂದ. ಅವನ ಅವ್ವ ಗುರಮ್ಮ ಲಕ್ವಾ ಹೊಡೆದು ಕೈಕಾಲು ಬಿದ್ದು ಹೊರಸು ಹಿಡಿದಾಗ ಅವನಿಗೆ ಇನ್ನೂ ಮದುವೆ ಆಗಿರಲಿಲ್ಲ, ಆಮೇಲೂ ಆಗಲಿಲ್ಲ. ಅತ್ತಿಗೆ ಕಸ್ತೂರಿಬಾಯಿ ಹೊಲ, ದನ, ಮಕ್ಕಳು ಅಂತ ಹೈರಾಣಾಗಿದ್ದಳು. ಅವ್ವನಿಗೆ ಬಿಸಿ ರೊಟ್ಟಿಯೇ ಬೇಕು. ಒಂದು ದಿನ ಹಾವಗೆಪ್ಪ ತಾನೇ ಪರಾತದಲ್ಲಿ ಹಿಟ್ಟು ಹಾಕಿಕೊಂಡು ಕೂತ. ಹೊರಸಿನ ಮೇಲಿನಿಂದಲೇ ಅವ್ವ ಹೇಳಿಕೊಟ್ಟಳು. ಬಡಿಯುವ ಸದ್ದು ಕೇಳಿಯೇ "ಅಂಚು ದಪ್ಪಾತು" ಅನ್ನುತ್ತಿದ್ದಳು. ವಾಸನೆ ಹಿಡಿದು "ಕಾವು ಇಳಸು" ಅನ್ನುತ್ತಿದ್ದಳು. ವರುಷಗಟ್ಟಲೆ ಅವಳು ಉಂಡಳು, ಒಂದು ದಿನವೂ ಚೆನ್ನಾಗಿದೆ ಅನ್ನಲಿಲ್ಲ. ಬ್ಯಾಳಿ ಬಾಯಿಗಿಟ್ಟ ಕೂಡಲೇ ಅವಳ ಮೊದಲ ಮಾತು, "ಉಪ್ಪು ಕಡಿಮಿ ಅದ ಹಾವಗ್ಯಾ." ಅವನ ಕೈಯೇ ಹಾಗೆ, ಉಪ್ಪಿಗೆ ಜಿಪುಣ.

ಶ್ರಾವಣದಲ್ಲಿ ಅವ್ವ ಲಿಂಗೈಕ್ಯಳಾದಳು. ಅಣ್ಣ ಬಸವಣ್ಣೆಪ್ಪ ತಮ್ಮನನ್ನು ಕರೆದು, ಇನ್ನು ಒಲೆಯ ಕಡೆ ಹೋಗಬೇಡ, ಹೊಲಕ್ಕೆ ಬಾ ಅಂದ. ನಲವತ್ತರ ಗಂಡಸು ರೊಟ್ಟಿ ಬಡಿಯುತ್ತಾನೆಂದು ಬಾವಿಕಟ್ಟೆಯಲ್ಲಿ ಹೆಂಗಸರು ನಗುವುದು ಅವನ ಕಿವಿಗೂ ಬಿದ್ದಿತ್ತು. ಹಾವಗೆಪ್ಪನ ತಲೆಯಲ್ಲಿ ಬೇರೆಯೇ ಇತ್ತು. ಒಮ್ಮೆ ಯಾರದೋ ಮೊಕದ್ದಮೆಗೆ ಸಾಕ್ಷಿ ಹೇಳಲು ಬೀದರದ ಕಚೇರಿಗೆ ಹೋಗಿದ್ದ. ಔರಾದ, ಭಾಲ್ಕಿ, ಸಾಯಗಾಂವ ಎಲ್ಲ ಕಡೆಯಿಂದ ವಿಚಾರಣೆಯ ಪೇಶಿಗೆ ಬಂದವರು ಬೇವಿನ ಮರದ ಕೆಳಗೆ ಗಂಟು ಬಿಚ್ಚಿ, ಸೆಟೆದು ಬಿರಿದ ರೊಟ್ಟಿಗೆ ನೀರು ಚಿಮುಕಿಸಿಕೊಂಡು ಕಡಿಯುತ್ತಿದ್ದರು. ಪೇಶಿ ಇವತ್ತಿಲ್ಲ, ನಾಳೆ ಅಂದರೆ ಅದೇ ರೊಟ್ಟಿ ಇನ್ನೂ ಒಂದು ದಿನ. ನನ್ನ ಕೈಯ ಬಿಸಿ ರೊಟ್ಟಿ ಇವರಿಗೆ ಸಿಕ್ಕರೆ ಅಂತ ಅವನಿಗೆ ಅನಿಸಿತು. ಅವತ್ತು ಅನಿಸಿದ್ದು ಮತ್ತೆ ಹೋಗಲೇ ಇಲ್ಲ.

"ರೊಟ್ಟಿ ಮಾರ್ತಿ?" ಬಸವಣ್ಣೆಪ್ಪ ಕೂತಲ್ಲಿಂದ ಎದ್ದೇಬಿಟ್ಟಿದ್ದ. "ನಮ್ಮ ಬಾಗಿಲದಾಗ ಬಂದಾಂವ ಉಣ್ಣದ ಹೋಗಿಲ್ಲ. ಅಂಥ ಮನೆತನದಾಗ ಹುಟ್ಟಿ ಅನ್ನ ಮಾರ್ತಿ?"

"ಜ್ವಾಳ ಮಾರ್ತೀವಲ್ಲ ಅಣ್ಣಾ, ವರ್ಷಾ ವರ್ಷಾ."

"ಜ್ವಾಳ ಬ್ಯಾರೆ, ರೊಟ್ಟಿ ಬ್ಯಾರೆ."

"ಎರಡರ ನಡುವೆ ನನ್ನ ಕೈ ಒಂದ ಅದ. ಅದರ ರೊಕ್ಕ ತೊಗೋತೇನಿ."

ಬಸವಣ್ಣೆಪ್ಪ ಕೆಟ್ಟ ಮನುಷ್ಯನಲ್ಲ. ಅಪ್ಪ ಸತ್ತ ಮೇಲೆ ಅಪ್ಪನಾಗಿ ನಿಂತವನು. ಆದರೆ ಮನೆತನ ಅಂದರೆ ಅವನಿಗೆ ಕಣ್ಣು ಕಾಣುತ್ತಿರಲಿಲ್ಲ. "ಹೋಗು. ಯುಗಾದಿ ತನಾ ನೋಡು," ಅಂದ. "ಬರಿಗೈಲೆ ಬರ್ತಿ. ಕೊಟಗ್ಯಾಗ ನಿನ್ನ ಹಾಸಿಗಿ ಹಾಸಿಟ್ಟಿರ್ತೇನಿ. ಆವಾಗ ಒಲಿ ಮುಟ್ಟಿದ್ರ ನೋಡು ಮತ್ತ."

ಯುಗಾದಿ. ಹಾವಗೆಪ್ಪನ ಎದೆಯಲ್ಲಿ ಆ ಮಾತು ಮುಳ್ಳಾಗಿ ಕೂತಿತ್ತು. ಸೋತು ಹೋದರೆ ಅಣ್ಣ ಬಯ್ಯುವುದಿಲ್ಲ, ಹೊಡೆಯುವುದಿಲ್ಲ, ಉಣ್ಣಲು ಹಾಕುತ್ತಾನೆ. ಅದೇ ಕಷ್ಟ. ದನಗಳ ಪಕ್ಕದಲ್ಲಿ ಮಲಗಿ, ಅತ್ತಿಗೆ ನೀಡಿದ್ದನ್ನು ಉಂಡು, ತನ್ನ ಕೈಗೆ ಬರುವ ಒಂದೇ ಒಂದು ವಿದ್ಯೆಯನ್ನು ಮರೆತು ಸಾಯಬೇಕು.

ಹಿಟ್ಟಿನ ಗಡಿಗೆ ತಳ ಕಂಡಿತ್ತು. ಜೋಳ ಉದ್ದರಿ ಕೊಟ್ಟ ಅಡತಿ ವ್ಯಾಪಾರಿ ಇನ್ನೊಮ್ಮೆ ಕೊಡುವ ಲಕ್ಷಣ ಇರಲಿಲ್ಲ.

ಮಡೆಪ್ಪ ಹೋದ ಮರುದಿನ ನಸುಕಿನಲ್ಲಿ ಅವನು ಬೀಸುಕಲ್ಲಿನ ಮುಂದೆ ಕೂತ. ಬೀಸುವುದು, ನಾದುವುದು, ಬಡಿಯುವುದು, ಬೇಯಿಸುವುದು, ಬಡಿಸುವುದು, ತಟ್ಟೆ ತಿಕ್ಕುವುದು ಎಲ್ಲ ಅವನೊಬ್ಬನದೇ. ಮೊದಲ ರೊಟ್ಟಿ ಬಡಿಯುವಾಗ ಬಾಯಿ ಬಿಟ್ಟು ಅಂದ: "ರೊಕ್ಕ ಇಡ್ರಿ." ದನಿ ಕೀಚಲಾಗಿ ಬಂತು. ಮತ್ತೆ ಬಡಿದ. "ರೊಕ್ಕ ಇಡ್ರಿ." ಪಟ್ ಅಂತ ಅಂಗೈ ಬೀಳುತ್ತಿದ್ದಂತೆ ಮಾತೂ ಬೀಳತೊಡಗಿತು. ಹತ್ತು ರೊಟ್ಟಿ ಆಗುವ ಹೊತ್ತಿಗೆ ಮಾತಿಗೆ ದನಿ ಕೂಡಿತು, ಇಪ್ಪತ್ತಕ್ಕೆ ಓಣಿಗೆಲ್ಲ ಕೇಳತೊಡಗಿತು.

"ಯಾರಿಗಂತೀಯೋ?" ನಿಜಾಮೋದ್ದೀನ ಹಲ್ಲುಜ್ಜುತ್ತ ಹೊರಗೆ ಬಂದು ಕೇಳಿದ.

"ನನಗ."

ನಿಜಾಮೋದ್ದೀನ ಉಗುಳಿ, ಬಾಯಿ ಮುಕ್ಕಳಿಸಿ, ಒಳಗೆ ಹೋದವನು ಒಂದು ಹಿತ್ತಾಳೆ ಬಟ್ಟಲು ಹಿಡಿದುಕೊಂಡು ಬಂದ. ಯಾರೋ ಬಿಟ್ಟು ಹೋದ ಹಳೆಯ ಬಟ್ಟಲು. ಅದಕ್ಕೆ ಹೊಸ ಕಲಾಯಿ ಮಾಡಿದ್ದ. ಅದನ್ನು ಹೊಸ್ತಿಲ ಬದಿಗೆ ಇಟ್ಟು, ಕಿಸೆಯಿಂದ ಒಂದು ಕಾಸು ತೆಗೆದು ಟಣ್ ಅನ್ನುವಂತೆ ಹಾಕಿದ. "ಬೋಣಿ," ಅಂದ. "ಖಾಲಿ ಬಟ್ಟಲಕ್ಕ ಯಾವನೂ ಹಾಕಂಗಿಲ್ಲ."

ಗಿರಾಕಿಯ ಮುಂದೆ ಆ ಮಾತು ಹೊರಗೆ ಬೀಳುವ ಹೊತ್ತು ಬಂದದ್ದು ಮಡೆಪ್ಪನ ಮುಂದಿನ ತಾರೀಖಿಗೆ. ಔರಾದದ ದೊಡ್ಡ ಕುಳ, ನಾಲ್ಕು ಜನರನ್ನು ಕರೆದುಕೊಂಡು ಬಂದಿದ್ದ. "ನಮ್ಮ ಶರಣರ ಮನಿ ಇದು, ಸಂಕೋಚ ಮಾಡಬ್ಯಾಡ್ರಿ" ಅಂತ ಅವರಿಗೆ ತಾನೇ ಉಪಚಾರ ಹೇಳುತ್ತಿದ್ದ. ಎಲ್ಲರೂ ಹೊಟ್ಟೆ ಬಿರಿಯ ಉಂಡು ತಟ್ಟೆ ತೊಳೆದು ಕುಡಿದರು. ಮಡೆಪ್ಪ ಎದ್ದು ಕೈ ಮುಗಿದ.

"ಶರಣ್ರಿ."

"ರೊಕ್ಕ ಇಡ್ರಿ," ಅಂದ ಹಾವಗೆಪ್ಪ.

ಮಡೆಪ್ಪನ ಕೈ ಮುಗಿದಂತೆಯೇ ಉಳಿದವು. ಮುಖ ಕೆಂಪಗಾಯಿತು. "ಏನಂದಿ? ಉಣಿಸಿ ರೊಕ್ಕ ಕೇಳ್ತಿ? ಲಿಂಗವಂತನೇನೋ ನೀ?"

"ಹೌದ್ರಿ, ಅದೇನಿ. ಅದಕ್ಕ ಕಾಯಕ ಮಾಡ್ತೇನಿ. ಪುಕ್ಕಟಿ ಉಣ್ಣಬೇಕಂದ್ರ ಮಠ ಅದರಿ, ದಾರಿ ತೋರಸ್ತೇನಿ. ಅಲ್ಲಿ ನಿಮಗ ಪುಣ್ಯಾನೂ ಸಿಗ್ತದ. ಇಲ್ಲಿ ಬಿಸಿ ರೊಟ್ಟಿ ಅಷ್ಟ ಸಿಗ್ತದ, ರೊಕ್ಕಕ್ಕ."

"ಹಿಂದ ಉಂಡಾಗ ಯಾಕ ಕೇಳಲಿಲ್ಲ?"

"ಆವಾಗ ನನ್ನ ಬಾಯಿ ಸತ್ತಿತ್ತು. ಅದು ನನ್ನ ತಪ್ಪು, ಬಿಟ್ಟೆ. ಇವತ್ತಿಂದು ಇಡ್ರಿ."

ತಾನು ಕರೆತಂದವರ ಮುಂದೆ ಮಡೆಪ್ಪನಿಗೆ ಬೇರೆ ದಾರಿ ಇರಲಿಲ್ಲ. ಐದೂ ಜನರ ಕಾಸನ್ನು ಬಟ್ಟಲಿಗೆ ಬಡಿದಂತೆ ಹಾಕಿ, ಹಾವಗೆಪ್ಪನ ವಂಶವನ್ನೆಲ್ಲ ನೆನೆಯುತ್ತ ಹೋದ. ಹಾವಗೆಪ್ಪ ಕಾಸನ್ನು ಒಂದೊಂದಾಗಿ ಎಣಿಸಿದ. ಒಳಗೆ ಎಲ್ಲೋ, ಬಹಳ ದಿನ ಕಟ್ಟಿಹಾಕಿದ ಹೋರಿಯನ್ನು ಬಿಚ್ಚಿಬಿಟ್ಟ ಹಾಗೆ ಖುಷಿಯಾಗಿತ್ತು.

ಊರ ಬಾಯಿಗೆ ಮುಚ್ಚಳ ಇಲ್ಲ ಅಂತಾರಲ್ಲ, ಈ ಸಲ ಅದೇ ಒಳ್ಳೆಯದಾಯಿತು. ಮಡೆಪ್ಪ ಔರಾದದ ಚಾವಡಿಯಲ್ಲಿ ಕೂತು, ಬೀದರದಲ್ಲೊಬ್ಬ ನಾಚಿಕೆಗೇಡಿ ಇದ್ದಾನೆ, ಗಂಡಸಾಗಿ ರೊಟ್ಟಿ ಬಡಿಯುತ್ತಾನೆ, ಉಣಿಸಿ ಕೊರಳಪಟ್ಟಿ ಹಿಡಿದು ಕಾಸು ಕೇಳುತ್ತಾನೆ ಅಂತ ಸಿಕ್ಕಸಿಕ್ಕವರಿಗೆ ಹೇಳಿದ. ಬೈದು ಹೋದವನೇ ಡಂಗುರ ಸಾರಿದ. ಅದರಿಂದ ಲಾಭವೇ ಆಯಿತು, ಯಾಕೆಂದರೆ ಇಷ್ಟು ದಿನ ಹಾವಗೆಪ್ಪನ ಬಾಗಿಲಿಗೆ ಬಾರದವರೇ ಹೆಚ್ಚು. ಗುರುತಿಲ್ಲದವನ ಮನೆಯಲ್ಲಿ ಉಂಡು ಅನ್ನದ ಋಣ ಯಾಕೆ ಹೊರಬೇಕು, ಇವತ್ತು ಉಂಡರೆ ನಾಳೆ ಅವನು ಬಂದಾಗ ನಾವು ಉಣಿಸಬೇಕು ಅಂತ, ಬಿಸಿ ರೊಟ್ಟಿಯ ವಾಸನೆ ಕುಡಿಯುತ್ತ ಬೇವಿನ ಮರದ ಕೆಳಗೇ ಕೂತವರು ಅವರು. ಕಾಸು ಇಟ್ಟರೆ ಋಣ ಅಲ್ಲಿಗೇ ಹರಿಯಿತು ಅಂತ ತಿಳಿದ ಮೇಲೆ ಒಬ್ಬೊಬ್ಬರೇ ಬಂದರು. ಬಂದವರು ಉಂಡು, ಬಟ್ಟಲಿಗೆ ಕಾಸು ಹಾಕಿ, ಯಾರ ಹಂಗೂ ಇಲ್ಲದವರ ಹಾಗೆ ಎದೆ ಸೆಟೆಸಿ ಹೊರಗೆ ಹೋದರು. ಸಂಕ್ರಾಂತಿ ದಾಟುವ ಹೊತ್ತಿಗೆ ಮಡೆಪ್ಪನೂ ಬಂದ. ಮುಖ ಗಂಟು ಹಾಕಿಕೊಂಡೇ ಕೂತ, ಉಂಡ, ಕಾಸು ಇಟ್ಟ.

ಒಂದು ಮಾತ್ರ ಹಾವಗೆಪ್ಪನಿಗೆ ಸಮಾಧಾನ ಇರಲಿಲ್ಲ. ಇಷ್ಟು ಜನ ಉಣ್ಣುತ್ತಿದ್ದರು, ಒಬ್ಬನೂ ಹೇಗಿದೆ ಅಂತ ಹೇಳುತ್ತಿರಲಿಲ್ಲ. ತಟ್ಟೆಗೆ ಬಿದ್ದದ್ದು ಪ್ರಸಾದ, ಪ್ರಸಾದಕ್ಕೆ ಹೆಸರಿಟ್ಟು ಕೊಂಕು ತೆಗೆಯುವುದುಂಟೆ? ಅಡುಗೆ ಮಾಡುವಾಗ ರುಚಿ ನೋಡುವ ರೂಢಿ ಅವನಿಗೂ ಇಲ್ಲ. ಎಲ್ಲರದೂ ಆಗಿ ತಾನು ಕೂರುವ ಹೊತ್ತಿಗೆ ನಾಲಿಗೆಗೆ ಹೊಗೆ ಬಿಟ್ಟು ಏನೂ ಗೊತ್ತಾಗುತ್ತಿರಲಿಲ್ಲ. "ಹ್ಯಾಂಗ ಆಗ್ಯಾದ್ರಿ?" ಅಂತ ಕೇಳಿದರೆ ಕೈ ಮುಗಿಯುತ್ತಿದ್ದರು. ಆ ಕೈ ಮುಗಿಯುವುದನ್ನು ಕಂಡರೆ ಅವನಿಗೆ ಮೈ ಉರಿಯುತ್ತಿತ್ತು.

ಯುಗಾದಿ ಇನ್ನೇನು ಬಂತು ಅನ್ನುವಾಗ ಬಸವಣ್ಣೆಪ್ಪ ಬೀದರಕ್ಕೆ ಬಂದ. ಹೊಲದ ಬಾಂದಿನ ತಕರಾರು, ತಾಲೂಕದಾರರ ಕಚೇರಿಯಲ್ಲಿ ಪೇಶಿ. ಭಾತಂಬ್ರಾದ ಇಬ್ಬರು ಹಿರಿಯರು ಸಾಕ್ಷಿಗೆ ಬಂದಿದ್ದರು. ಮೂವರೂ ನೆಟ್ಟಗೆ ಬಂದು ಕೂತದ್ದು ನಿಜಾಮೋದ್ದೀನನ ಅಂಗಡಿಯ ಕಟ್ಟೆಯ ಮೇಲೆ, ಹಾವಗೆಪ್ಪನ ಬಾಗಿಲಿಗೆ ಎದುರಾಗಿ. ಬಸವಣ್ಣೆಪ್ಪ ಗಂಟು ಬಿಚ್ಚಿ ಮನೆಯ ಸೆಟೆದ ರೊಟ್ಟಿಯನ್ನು ಲಟಕ್ಕನೆ ಮುರಿದು ತಮ್ಮನಿಗೆ ಕಾಣುವಂತೆ ಅಗಿಯತೊಡಗಿದ.

ಹಾವಗೆಪ್ಪನಿಗೆ ಎದ್ದು ಓಡಿಹೋಗಿ ಕೈ ಹಿಡಿದು ಕರೆತರಬೇಕು ಅನಿಸಿತು. ಅಣ್ಣ ಸೊರಗಿದ್ದ. ಆದರೆ ತಮ್ಮನಾಗಿ ಕರೆದರೆ ಇದು ಮನೆಯಾಗುತ್ತದೆ. ಅಂಗಡಿಯವನಾಗಿ ಕರೆಯಲು ನಾಲಿಗೆ ಏಳಲಿಲ್ಲ. ಅವನು ರೊಟ್ಟಿ ಬಡಿದ, ಬೇಕಾದ್ದಕ್ಕಿಂತ ಜೋರಾಗಿಯೇ ಬಡಿದ. ನಡುವೆ ಸಿಕ್ಕಿಕೊಂಡ ನಿಜಾಮೋದ್ದೀನ ಒಮ್ಮೆ ಇವನನ್ನು, ಒಮ್ಮೆ ಅವನನ್ನು ನೋಡಿ, ತಿದಿಯ ಹೊಗೆಯಲ್ಲಿ ಮುಖ ಮರೆಸಿಕೊಂಡ.

ಪೇಶಿ ಮರುದಿನಕ್ಕೆ ಹೋಯಿತು. ಮರುದಿನವೂ ಹೆಸರು ಕೂಗಲಿಲ್ಲ. ಗಂಟು ಖಾಲಿಯಾಗಿತ್ತು. ಮಧ್ಯಾಹ್ನ, ಅಂಗಡಿ ತುಂಬಿ ಸಾಲು ಕೂತಾಗ, ಬಸವಣ್ಣೆಪ್ಪ ಇಬ್ಬರು ಹಿರಿಯರ ಜೊತೆ ಹೊಸ್ತಿಲು ದಾಟಿ ಒಳಗೆ ಬಂದ. ಸಾಲಿನಲ್ಲಿ ಕೂರಲಿಲ್ಲ. ನೇರ ಒಲೆಯ ಬದಿಗೆ, ಮನೆಯವರು ಕೂರುವ ಜಾಗದಲ್ಲಿ ಮಣೆ ಎಳೆದುಕೊಂಡು ಕೂತ.

ಹಾವಗೆಪ್ಪ ಬಡಿಸಿದ. ಬಿಸಿ ರೊಟ್ಟಿ, ಬ್ಯಾಳಿ, ಪುಂಡಿಪಲ್ಯ, ಉಳ್ಳಾಗಡ್ಡಿ. ಅಣ್ಣನ ತಟ್ಟೆಗೆ ಒಲೆಯ ಮೇಲಿನಿಂದ ಆಗಷ್ಟೇ ಉಬ್ಬಿ ಇಳಿದದ್ದನ್ನೇ ಹಾಕಿದ. ಬಸವಣ್ಣೆಪ್ಪ ತಲೆ ಎತ್ತದೆ ಉಂಡ. ತಟ್ಟೆ ತೊಳೆದು ಕುಡಿದ. ಧೋತರದ ಚುಂಗು ಕೊಡವಿಕೊಂಡು ಎದ್ದು, "ಬರ್ತೇನಿ," ಎಂದು ಹೊಸ್ತಿಲ ಕಡೆ ತಿರುಗಿದ.

ಸಾಲಿನಲ್ಲಿ ಕೂತವರ ಕೈಗಳು ನಿಂತವು. ಇವರಿಬ್ಬರೂ ಅಣ್ಣತಮ್ಮ ಅನ್ನುವುದು ಮುಖ ನೋಡಿದರೇ ತಿಳಿಯುತ್ತಿತ್ತು. ಅವತ್ತು ಮಡೆಪ್ಪನೂ ಅಲ್ಲಿದ್ದ. ಅವನ ಕಣ್ಣು ಹೊಳೆಯುತ್ತಿದ್ದವು. ನನ್ನ ಬಳಿ ಕೇಳಿದವನು ಈಗ ಏನು ಮಾಡುತ್ತಾನೋ ನೋಡೋಣ ಅಂತ ತುತ್ತು ಹಿಡಿದೇ ಕಾದ.

ಹಾವಗೆಪ್ಪ ಎದ್ದು ನಿಂತ. ಅಣ್ಣನಿಗೆ ಅವನು ಎಂದೂ ಎದುರು ನಿಂತವನಲ್ಲ.

"ಅಣ್ಣಾ, ರೊಕ್ಕ ಇಡ್ರಿ."

"ಏನಂದಿ?"

"ಮೂರು ಮಂದೀದು. ಎಲ್ಲರೂ ಇಡ್ತಾರ."

"ನಾ ಎಲ್ಲರಾಗ ಒಬ್ಬನೇನೋ? ಒಂದ ಹೊಟ್ಯಾಗ ಹುಟ್ಟೀವಿ. ತಮ್ಮನ ಮನ್ಯಾಗ ಉಂಡು ರೊಕ್ಕ ಕೊಟ್ಟವರನ್ನ ಎಲ್ಯಾರ ಕಂಡೀಯೇನು?"

"ತಮ್ಮನ ಮನಿ ಭಾತಂಬ್ರಾದಾಗ ಅದ. ಅಲ್ಲಿ ನನ್ನ ಪಾಲಿಂದೂ ಉಣ್ಣು, ನಾ ಕೇಳಾಂವಲ್ಲ. ಇದು ದುಕಾನ. ಇವತ್ತು ನಿನ್ನ ಬಿಟ್ಟೆನಂದ್ರ ನಾಳಿ ಭಾತಂಬ್ರಾಕ್ಕ ಭಾತಂಬ್ರಾನೇ ಕಾಕಾ ಆಗಿ ಬರ್ತದ, ಸಾಯಗಾಂವ ಬೀಗರಾಗಿ ಬರ್ತದ. ಮಂದೀಗಿ ಕೇಳಾಕ ನನಗ ಬಾಯಿ ಉಳಿಯಂಗಿಲ್ಲ."

"ಇವ್ರ ಮುಂದ ನನ್ನ ಮರ್ಯಾದಿ ತೆಗೀತಿ?"

"ನಿನ್ನ ಮರ್ಯಾದಿ ನಿನ್ನ ಬಲ್ಲಿ ಅದ ಅಣ್ಣಾ, ಅದನ್ನ ಯಾರೂ ಮುಟ್ಟಂಗಿಲ್ಲ. ನನ್ನ ಮರ್ಯಾದಿ ಈ ಬಟ್ಟಲದಾಗ ಅದ. ಇಡ್ರಿ."

ಬಸವಣ್ಣೆಪ್ಪ ಹಿರಿಯರ ಕಡೆ ಒಮ್ಮೆ ನೋಡಿದ. ನಡುವಿನ ಚಂಚಿ ಬಿಚ್ಚಿ ಕಾಸು ತೆಗೆದ. ಬಟ್ಟಲಿಗೆ ಹಾಕಲಿಲ್ಲ, ಒಲೆಯ ಬೂದಿಯ ಮೇಲೆ ಎಸೆದ. "ತೊಗೊ. ಇವತ್ತಿಗಿ ನಿಂದು ನಂದು ಹರೀತು," ಅಂದವನು ಹಿರಿಯರನ್ನು ಹಿಂದೆ ಬಿಟ್ಟು ಹೊರಟುಹೋದ.

ಹಾವಗೆಪ್ಪ ಬೂದಿಯಿಂದ ಕಾಸು ಹೆಕ್ಕಿ, ಒರೆಸಿ, ಬಟ್ಟಲಿಗೆ ಹಾಕಿದ. ಪರಾತದ ಮುಂದೆ ಕೂತ. ಅಳು ಬಂತು, ಎಲ್ಲರ ಮುಂದೆಯೇ ಅತ್ತ. ಆದರೆ ಕೈ ನಿಲ್ಲಿಸಲಿಲ್ಲ. ಒಂದು ರೊಟ್ಟಿ ಹರಿಯಿತು, ಅದನ್ನು ಮುದ್ದೆ ಮಾಡಿ ಮತ್ತೆ ಬಡಿದ. ಮಡೆಪ್ಪ ಸದ್ದಿಲ್ಲದೆ ಉಂಡು, ಸದ್ದಿಲ್ಲದೆ ಕಾಸು ಇಟ್ಟು, ಮೊದಲ ಸಲ ತಲೆ ತಗ್ಗಿಸಿ ಹೋದ. ಸಂಜೆ ನಿಜಾಮೋದ್ದೀನ ಬಂದು ಹೊಸ್ತಿಲಲ್ಲಿ ಕೂತ. ಬಟ್ಟಲನ್ನು ಎತ್ತಿ, ಅದಕ್ಕೆ ಮೆತ್ತಿದ ಬೂದಿಯನ್ನು ತನ್ನ ಅಂಗಿಯ ತುದಿಯಿಂದ ಒರೆಸಿಟ್ಟ.

ಮರುದಿನ ಮಧ್ಯಾಹ್ನದ ಗದ್ದಲ ಕಡಿಮೆಯಾಗುತ್ತಿದ್ದಾಗ ಬಾಗಿಲಲ್ಲಿ ನೆರಳು ಬಿತ್ತು. ಬಸವಣ್ಣೆಪ್ಪ ಒಬ್ಬನೇ ಬಂದಿದ್ದ. ಪೇಶಿ ಇನ್ನೂ ಆಗಿರಲಿಲ್ಲ. ಅವನು ಒಲೆಯ ಕಡೆ ನೋಡದೆ ಸಾಲಿನ ಕೊನೆಯಲ್ಲಿ, ಸಾಯಗಾಂವದ ಇಬ್ಬರು ರೈತರ ಪಕ್ಕದಲ್ಲಿ ಕೂತ. ಚಂಚಿಯಿಂದ ಕಾಸು ತೆಗೆದು ಉಣ್ಣುವ ಮೊದಲೇ ತಟ್ಟೆಯ ಪಕ್ಕದಲ್ಲಿ ಟಪ್ಪನೆ ಇಟ್ಟ. ಹಾವಗೆಪ್ಪ ಎಲ್ಲರಿಗೂ ಬಡಿಸಿದ ಹಾಗೇ ಬಡಿಸಿ ಬಂದು ಹಂಚಿನ ಮುಂದೆ ಕೂತ. ಬೆನ್ನು ಮಾತ್ರ ಅಣ್ಣನ ಕಡೆಗೇ ಕಿವಿಗೊಟ್ಟ ಹಾಗಿತ್ತು.

ಬಸವಣ್ಣೆಪ್ಪ ರೊಟ್ಟಿ ಮುರಿದು ಬ್ಯಾಳಿಯಲ್ಲಿ ಅದ್ದಿ ಬಾಯಿಗಿಟ್ಟ. ನಿಧಾನವಾಗಿ ಅಗಿದ.

"ಏ ದುಕಾನದವನ," ಅಂದ.

ಹಾವಗೆಪ್ಪ ತಿರುಗಿದ.

"ಬ್ಯಾಳಿಗಿ ಉಪ್ಪು ಕಡಿಮಿ ಅದ."

ಸಾಲಿನಲ್ಲಿ ಕೂತವರೆಲ್ಲ ಬೆಚ್ಚಿ ನೋಡಿದರು. ಪ್ರಸಾದಕ್ಕೆ ಹೆಸರಿಡುವ ಮಾತನ್ನು ಆ ಗೋಡೆಗಳು ಮೊದಲ ಸಲ ಕೇಳಿದ್ದವು. ಪಕ್ಕದ ಸಾಯಗಾಂವದವನು ಮೆಲ್ಲಗೆ, "ಹೌದ್ರಿ, ಸ್ವಲ್ಪ ಕಡಿಮೀನೇ ಅದ," ಅಂದ. ಅವನ ಆಚೆಯವನು, "ದಿನಾಲೂ ಕಡಿಮಿ ಇರ್ತದರಿ," ಅಂದ.

ಹಾವಗೆಪ್ಪ ಎದ್ದು ಉಪ್ಪಿನ ಮರಿಗೆಯನ್ನೇ ಎತ್ತಿಕೊಂಡು ಬಂದು ಅಣ್ಣನ ಮುಂದೆ ಕೂತ. ಮುಷ್ಟಿ ತುಂಬ ತೆಗೆದು ಹಾಕಿದ, ಉಪ್ಪು ತಟ್ಟೆಯ ಹೊರಗೂ ಉದುರಿತು. ಬಸವಣ್ಣೆಪ್ಪ ಬೆರಳಿನಿಂದ ಅದನ್ನು ಕೂಡಿಸಿ ಬ್ಯಾಳಿಗೆ ಹಾಕಿ ಕಲಸಿ, ರುಚಿ ನೋಡಿದ.

"ಹ್ಞಾಂ. ಈಗ ಒಂದು ಬಿಸೀದು ತಾ."

ಹಾವಗೆಪ್ಪ ಹಿಟ್ಟು ಹಿಡಿದು ಬಡಿಯಲು ಕೂತ. ಎದುರಿನ ಅಂಗಡಿಯಲ್ಲಿ ತಿದಿಯ ಸದ್ದು ನಿಂತಿತ್ತು. ಅಂಗೈ ಕೆಳಗೆ ರೊಟ್ಟಿ ದುಂಡಗೆ ಅಗಲವಾಗುತ್ತ ಹೋಯಿತು, ಅಂಚು ಎಲ್ಲಿಯೂ ದಪ್ಪವಾಗಲಿಲ್ಲ.